ಆಕಾಶದ ಹಳೆಯ ಹೋಟೆಲಿನಲ್ಲೊಂದು ಕೊಲೆ

ರಾಯಚೂರಿನವರಿಗೆ ಮುಸಾಫಿರಖಾನೆಯೆಂದರೆ ಏನೆಂದು ವಿವರಿಸಬೇಕಾಗಿಲ್ಲ. 1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ರೈಲುಹಾದಿ ಮದರಾಸಿನ ಕಡೆಯಿಂದ ಬಂದ ಹಾದಿಯನ್ನು ಸಂಧಿಸಿದ್ದು ಈ ಊರಿನಲ್ಲಿಯೇ. ಅಂದಿನಿಂದಲೂ ಗಾಡಿ ತಪ್ಪಿಸಿಕೊಂಡವರು, ಬೆಳಗಿನ ಗಾಡಿಗೆ ಕಾಯುವವರು, ದೇವದುರ್ಗದಿಂದ ಹತ್ತಿ ಮಾರಲು ಬಂದವರು, ಮಾನ್ವಿಯಿಂದ ಕೋರ್ಟು ಕಚೇರಿಯ ಕೆಲಸಕ್ಕೆ ಬಂದು ಕಡೆಯ ಬಸ್ಸು ಕಳೆದುಕೊಂಡವರು, ಎಲ್ಲರೂ ಇಲ್ಲಿ ಒಂದು ರಾತ್ರಿಯ ಮಟ್ಟಿಗೆ ತಲೆಯಿಡಲು ಜಾಗ ಹುಡುಕಿದವರೇ. ಕಡಿಮೆ ಬಾಡಿಗೆಯ ವಸತಿಗೃಹದ ಲಕ್ಷಣಗಳನ್ನು ತಾವು ಬಲ್ಲಿರಿ. ಚಿಲಕ ಸರಿಯಾಗಿ ಕೂಡದ ಬಾಗಿಲು. ಕರಕರ ಎಂದು ತಿರುಗಿ ನಡುರಾತ್ರಿ ನಿಂತುಬಿಡುವ ಫ್ಯಾನು. ಬಣ್ಣ ಬಿಡುವ ಕೆಂಪು ಟವೆಲು. ಮ್ಯಾನೇಜರ ಮೇಜಿನ ಮೇಲೆ ದಾರದಿಂದ ಗಂಟು ಹಾಕಿ ಇಟ್ಟ, ಯಾರೂ ಬಿಚ್ಚಿ ನೋಡದ ದೂರಿನ ಪುಸ್ತಕ.

ಇಂಥದೊಂದು ಹೋಟೆಲನ್ನು ಹಾಗೆಯೇ ಎತ್ತಿ ನೆಲದಿಂದ 400 ಕಿಲೋಮೀಟರು ಮೇಲಕ್ಕೆ ಇಡೋಣ. ಅದರ ಒಂದು ಕೋಣೆಯಲ್ಲಿ ಗಿರಾಕಿಯೊಬ್ಬ ಬೆಳಗಾಗುವುದರೊಳಗೆ ಸತ್ತು ಬಿದ್ದಿದ್ದಾನೆ. 'ಬಿದ್ದಿದ್ದಾನೆ' ಎಂಬ ಮಾತೇ ಅಲ್ಲಿ ಸಲ್ಲದು, ಸತ್ತು ತೇಲುತ್ತಿದ್ದಾನೆ. ಕೊಂದವರಾರು?

ಪತ್ತೇದಾರಿ ಕಥೆ ಕನ್ನಡಿಗರಿಗೆ ಹೊಸದಲ್ಲ. ಹೆಚ್ಚಿನ ಶಾಲೆಯ ಓದಿಲ್ಲದ ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನನ್ನು ಮನೆಮನೆಯ ಪರಿಚಯಸ್ಥನನ್ನಾಗಿ ಮಾಡಿ, ನೂರಾರು ಕಾದಂಬರಿಗಳನ್ನು ಬರೆದರು. ಕನ್ನಡ ಚಳವಳಿಯ ಮ. ರಾಮಮೂರ್ತಿಯವರೂ ಈ ಬಗೆಯ ಕಾದಂಬರಿಗಳನ್ನು ಬರೆದವರೇ. ಇತ್ತ ವಿಜ್ಞಾನದ ಕಥೆಗಳನ್ನು ರಾಜಶೇಖರ ಭೂಸನೂರಮಠರು ಉತ್ತರ ಕರ್ನಾಟಕದ ನೆಲದಿಂದಲೇ ಬರೆದು ಓದುಗರನ್ನು ಸಂಪಾದಿಸಿದರು. ಆದರೆ ಈ ಎರಡು ಎತ್ತುಗಳನ್ನು ಒಂದೇ ನೊಗಕ್ಕೆ ಹೂಡುವುದು ಸುಲಭವಲ್ಲ. ಅಮೆರಿಕದ ಹೆಸರಾಂತ ಪತ್ರಿಕಾ ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಅದು ಆಗದ ಕೆಲಸವೆಂದೇ ಹೇಳುತ್ತಿದ್ದನಂತೆ. ಕಡೆಯ ಪುಟದಲ್ಲಿ ಪತ್ತೇದಾರನು ಜೇಬಿನಿಂದ ಯಾವುದೋ ಹೊಸ ಯಂತ್ರವನ್ನು ತೆಗೆದು ಕೊಲೆಗಾರನತ್ತ ಹಿಡಿದರೆ ಓದುಗ ಏನು ಮಾಡಬೇಕು? ಅದಕ್ಕೆ ಉತ್ತರವೆಂಬಂತೆ ಐಸಾಕ್ ಅಸಿಮೋವ್ ಬರೆದ 'ದಿ ಕೇವ್ಸ್ ಆಫ್ ಸ್ಟೀಲ್' 1954ರಲ್ಲಿ ಪುಸ್ತಕವಾಗಿ ಬಂತು. ಯಂತ್ರ ಯಾವುದೇ ಇರಲಿ, ಅದರ ಶಕ್ತಿಯೆಷ್ಟು, ಮಿತಿಯೆಷ್ಟು ಎಂಬುದನ್ನು ಮೊದಲೇ ಓದುಗನ ಕಿವಿಗೆ ಹಾಕಿರಬೇಕು; ಆಮೇಲೆ ಆಟ ನ್ಯಾಯವಾದದ್ದು ಎಂದು ಅವನ ವಾದ. ಕಡೆಯ ಅಧ್ಯಾಯದಲ್ಲಿ ಅವಳಿ ತಮ್ಮನನ್ನು ಹುಟ್ಟಿಸುವ ಕಥೆಗಾರರಿಗೂ ಈ ಮಾತು ತಗಲುತ್ತದೆಂದು ನನ್ನ ಅಭಿಪ್ರಾಯ.

ಹಾಗಾದರೆ ನಮ್ಮ ಆಕಾಶದ ಹೋಟೆಲಿನ ಕಟ್ಟುಪಾಡುಗಳನ್ನು ಮೊದಲು ತಿಳಿದುಕೊಳ್ಳೋಣ. ಅದು ಸುಮಾರು 90 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತಿಬರುತ್ತದೆ. ಒಂದು ದಿನಕ್ಕೆ 16 ಸೂರ್ಯೋದಯ. ಆದ್ದರಿಂದ 'ಬೆಳಗಿನ ಜಾವ ಚೀರಿದ್ದು ಕೇಳಿಸಿತು' ಎಂದು ಸಾಕ್ಷಿ ನುಡಿದರೆ, ಯಾವ ಬೆಳಗು ಎಂದು ವಕೀಲರು ಕೇಳುತ್ತಾರೆ. ಅಲ್ಲಿ ಯಾರೂ ಮೆಟ್ಟಿಲಿನಿಂದ ಜಾರಿ ಸಾಯುವುದಿಲ್ಲ. ನೇಣು ಬಿಗಿದುಕೊಂಡು ಜೋತಾಡುವುದೂ ಇಲ್ಲ. ಒನಕೆಯಿಂದ ಹೊಡೆದರೆ ಹೊಡೆದವನೇ ಅತ್ತ ಎದುರು ಗೋಡೆಗೆ ಹೋಗಿ ಬಡಿಯುತ್ತಾನೆ. ಸತ್ತವನ ನೆತ್ತರು ಭಾರಕ್ಕೆ ಕೆಳಗಿಳಿದು ಬೆನ್ನಿನಲ್ಲೋ ಕಾಲಿನಲ್ಲೋ ಕಂದುವುದಿಲ್ಲವಾದ ಕಾರಣ, ಹೆಣವನ್ನು ನೋಡಿ ಸತ್ತ ಹೊತ್ತನ್ನು ಹೇಳುವ ವೈದ್ಯರ ಹಳೆಯ ಲೆಕ್ಕಗಳಲ್ಲಿ ಒಂದು ಕೈಬಿಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಗಾಳಿ. ನಮ್ಮ ಮನೆಗಳಲ್ಲಿ ಬಿಟ್ಟ ಉಸಿರು ಬೆಚ್ಚಗಿರುವುದರಿಂದ ತಾನಾಗಿ ಮೇಲಕ್ಕೇರಿ ಚದರಿಹೋಗುತ್ತದೆ. ತೂಕವಿಲ್ಲದ ಕಡೆ ಮೇಲೂ ಇಲ್ಲ, ಕೆಳಗೂ ಇಲ್ಲ. ಫ್ಯಾನು ತಿರುಗದಿದ್ದರೆ ಮಲಗಿದವನು ಬಿಟ್ಟ ಉಸಿರು ಅವನ ಮುಖದ ಸುತ್ತಲೇ ಗುಳ್ಳೆಯಂತೆ ನಿಲ್ಲುತ್ತದೆ. ಅದನ್ನೇ ಅವನು ಮತ್ತೆ ಎಳೆದುಕೊಳ್ಳುತ್ತಾನೆ. ಆಕಾಶನಿಲ್ದಾಣದ ಯಾತ್ರಿಗಳು ಗಾಳಿ ಆಡುವ ಕಡೆಗೇ ಮಲಗುವುದು ಇದರಿಂದಾಗಿ. ಸಾಮಾನ್ಯವಾಗಿ ತಲೆನೋವು ಬಂದು, ಏದುಸಿರು ಬಿಡುತ್ತ ಎಚ್ಚರವಾಗುತ್ತದೆ. ಇನ್ನೊಂದು ಮಾತು: ಅಲ್ಲಿ ಕಳೆದುಹೋದ ಗುಂಡಿ, ಪೆನ್ನು, ಎಳೆ, ಚೂರು ಎಲ್ಲವೂ ತೇಲಿ ತೇಲಿ ಕಡೆಗೆ ಗಾಳಿ ಸೆಳೆಯುವ ಜಾಲರಿಗೆ ಬಂದು ಅಂಟಿಕೊಳ್ಳುತ್ತವೆ. ಏನಾದರೂ ಕಾಣದಿದ್ದರೆ ಯಾತ್ರಿಗಳು ಮೊದಲು ಹುಡುಕುವುದು ಅಲ್ಲಿಯೇ.

ಇಷ್ಟು ಸಾಕು. ಕಥೆ ಹೀಗೆ. ಗಿರಾಕಿ ಸತ್ತಿದ್ದಾನೆ. ಅವನು ಕುಡಿದ ಚಹಾದ ಚೀಲದಲ್ಲಿ ನಿದ್ರೆಯ ಮಾತ್ರೆಯ ಅಂಶವಿದೆ. ಆದರೆ ಆ ಎತ್ತರದಲ್ಲಿ ನಿದ್ರೆ ಬಾರದೆ ಮಾತ್ರೆ ನುಂಗುವವರು ಬಹಳ. ಮ್ಯಾನೇಜರು ನಿಟ್ಟುಸಿರು ಬಿಟ್ಟು, 'ಆ ಕೋಣೆಯ ಫ್ಯಾನು ಹಳೆಯದು ಸ್ವಾಮಿ, ರಾತ್ರಿ ನಿಂತಿರಬೇಕು, ಅವರ ಆಯುಷ್ಯ ಅಷ್ಟೇ' ಎನ್ನುತ್ತಾನೆ. ದೂರಿನ ಪುಸ್ತಕ ತರಿಸಿ ನೋಡಿದರೆ ಅದೇ ಫ್ಯಾನಿನ ಮೇಲೆ ಹಿಂದೆ ಮೂವರು ಬರೆದಿಟ್ಟದ್ದೂ ಇದೆ. ಎಲ್ಲರೂ ತಲೆದೂಗುತ್ತಾರೆ. ಹಳೆಯ ಹೋಟೆಲು, ಹಳೆಯ ಫ್ಯಾನು, ಆಕಸ್ಮಿಕ ಮರಣ.

ಪತ್ತೇದಾರನು ಮಾತ್ರ ಗಾಳಿ ಸೆಳೆಯುವ ಜಾಲರಿಯ ಮುಂದೆ ನಿಲ್ಲುತ್ತಾನೆ, ಅಥವಾ ತೇಲುತ್ತಾನೆ. ಉಳಿದ ಕೋಣೆಗಳ ಜಾಲರಿಗಳ ಮೇಲೆ ಕಂಬಳಿಯಂತೆ ಧೂಳು. ಇಲ್ಲಿ ಧೂಳಿನ ಮೇಲೆ, ಮೂಲೆಯಿಂದ ಮೂಲೆಗೆ, ಕೆಂಪು ನೂಲಿನ ಎಳೆಗಳು ಒಂದೇ ಸಮನಾಗಿ ಒತ್ತಿ ಕುಳಿತಿವೆ. ಯಾರೋ ಜಾಲರಿಗೆ ಟವೆಲು ಹೊದಿಸಿದ್ದಾರೆ. ಆದರೆ ತೂಕವಿಲ್ಲದ ಕಡೆ ಟವೆಲು ಜೋತು ನಿಲ್ಲುವುದಿಲ್ಲ, ಹಿಡಿದಿಡುವುದೇನಾದರೂ ಬೇಕು. ಮೊಳೆಯಿಲ್ಲ, ಅಂಟಿಲ್ಲ. ಅದನ್ನು ಹಿಡಿದಿಟ್ಟದ್ದು ಸೆಳೆಯುವ ಗಾಳಿಯೇ. ಎಂದಮೇಲೆ ಫ್ಯಾನು ರಾತ್ರಿಯೆಲ್ಲ ತಿರುಗುತ್ತಲೇ ಇತ್ತು! ಕೆಟ್ಟ ಫ್ಯಾನು ಆ ಒಂದು ರಾತ್ರಿ ಕೆಟ್ಟಿರಲಿಲ್ಲ. ಇನ್ನು ಮುಂದಿನದು ಸುಲಭ. ಫ್ಯಾನು ನಿಲ್ಲುತ್ತದೆಂಬ ದೂರನ್ನು ತಿಳಿದವನೇ ಆ ದೂರಿನ ಮರೆಯಲ್ಲಿ ಕೊಲೆ ಮಾಡಿಯಾನು. ಪುಸ್ತಕದ ದಾರದ ಗಂಟು ಬೇರೆ ರೀತಿಯಲ್ಲಿ ಬಿದ್ದಿದೆ. ಆ ಹೋಟೆಲಿನಲ್ಲಿ ದೂರಿನ ಪುಸ್ತಕವನ್ನು ಬಿಚ್ಚಿ ಓದಿದ ಮನುಷ್ಯ ಒಬ್ಬನೇ. ಅವನೇ ಕೊಲೆಗಾರ.

ಕೇಳಲು ಇದು ವಿನೋದವಾಗಿದೆ. ಆದರೆ ಪಾಳುಬಿದ್ದ ಹೋಟೆಲೇ ಈ ಕಥೆಗೆ ಯಾಕೆ ಬೇಕು ಎಂಬುದನ್ನು ಸ್ವಲ್ಪ ಯೋಚಿಸಬೇಕು. ಹೊಸ ಹೋಟೆಲಿನಲ್ಲಿ ಫ್ಯಾನು ನಿಂತರೆ ಎಲ್ಲರಿಗೂ ಸಂದೇಹ ಬರುತ್ತದೆ. ಹಳೆಯದರಲ್ಲಿ ಯಾರಿಗೂ ಬರುವುದಿಲ್ಲ. ಕೊಲೆ ಅಲಕ್ಷ್ಯದ ಮರೆಯಲ್ಲಿ ಅಡಗುತ್ತದೆ; ಅಲಕ್ಷ್ಯವೋ ವಿಧಿಯ ಮರೆಯಲ್ಲಿ ಅಡಗುತ್ತದೆ. ಟವೆಲು ಹೊದಿಸಿದವನಿಗೆ ಶಿಕ್ಷೆಯಾಯಿತು ಎನ್ನೋಣ. ಮೂರು ದೂರುಗಳನ್ನು ದಾರ ಕಟ್ಟಿ ಇಟ್ಟವರು? ನಮ್ಮ ಕಾನೂನು ಇಂಥವರನ್ನು ಪೂರಾ ಬಿಟ್ಟಿಲ್ಲ. ಅಲಕ್ಷ್ಯದಿಂದ ಪ್ರಾಣಹಾನಿ ಮಾಡುವುದು ಹಿಂದೆ ದಂಡಸಂಹಿತೆಯ 304-ಎ ಕಲಮಿನಲ್ಲಿತ್ತು; 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಲ್ಲಿದೆ. ಆದರೆ ಪತ್ತೇದಾರಿ ಕಾದಂಬರಿಯಲ್ಲಿ ಆ ಕಲಮಿಗೆ ಒಂದು ಅಧ್ಯಾಯವೂ ಸಿಗುವುದಿಲ್ಲ. ಅಲ್ಲಿ ಕೈ ಬೇಕು, ಕತ್ತಿ ಬೇಕು.

2022ರ ಮೇ ತಿಂಗಳ ಕೊನೆಯಲ್ಲಿ ರಾಯಚೂರು ನಗರದಲ್ಲಿ ನಲ್ಲಿಯ ಕಲುಷಿತ ನೀರನ್ನು ಕುಡಿದು ಎಷ್ಟೋ ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು, ಕೆಲವರು ತೀರಿಕೊಂಡರು. ಮರುವರ್ಷ ಅದೇ ಮೇ ತಿಂಗಳಿನಲ್ಲಿ ದೇವದುರ್ಗದ ಕಡೆಯ ರೇಕಲಮರಡಿಯಲ್ಲಿ ಇಂಥದೇ ನೀರಿನಿಂದ ಒಂದು ಮಗು ಹೋಯಿತು. ಅಲ್ಲಿ ಕತ್ತಿ ಹಿಡಿದ ಕೈ ಇರಲಿಲ್ಲ. ಕೃಷ್ಣೆ ತುಂಗಭದ್ರೆಯರ ನಡುವಿನ ನಾಡಿನಲ್ಲಿ ಕುಡಿಯುವ ನೀರಿನಿಂದ ಸಾವು ಬಂದಾಗ ಯಾವ ಪತ್ತೇದಾರ ಯಾವ ಜಾಲರಿಯ ಮುಂದೆ ನಿಲ್ಲಬೇಕು? ಈ ಪ್ರಶ್ನೆಯನ್ನು ಎತ್ತಬಲ್ಲ ಪತ್ತೇದಾರಿ ಕಾದಂಬರಿಯನ್ನು ಯಾರಾದರೂ ಬರೆದರೆ, ಅದು ಆಕಾಶದಲ್ಲಿ ನಡೆದರೂ ನಮ್ಮದೇ ಕಥೆಯಾದೀತು.

ಆಕಾಶದ ಮುರುಕು ಮನೆ ಬರಿಯ ಕಲ್ಪನೆಯೂ ಅಲ್ಲ. ರಷ್ಯನರ ಮೀರ್ ನಿಲ್ದಾಣ 1986ರಲ್ಲಿ ಮೇಲಕ್ಕೇರಿ 15 ವರ್ಷ ಉಳಿಯಿತು. 1997ರ ಫೆಬ್ರವರಿಯಲ್ಲಿ ಅದರೊಳಗೆ ಬೆಂಕಿ ಬಿತ್ತು. ಅದೇ ಜೂನಿನಲ್ಲಿ ಸರಕಿನ ನೌಕೆಯೊಂದು ಬಂದು ಡಿಕ್ಕಿ ಹೊಡೆಯಿತು. ಫಲಕಗಳ ಹಿಂದೆ ಕೊಳಕು ನೀರು ಉಂಡೆಯುಂಡೆಯಾಗಿ ನಿಂತು ಬೂಷ್ಟು ಹಿಡಿದಿತ್ತು. ಅದನ್ನೇ ಗಿರಾಕಿಗಳಿಗೆ ಬಾಡಿಗೆಗೆ ಕೊಡುವ ಮಾತೂ ನಡೆದಿತ್ತು! ಅಲ್ಲಿಗೆ ಹೋಗಬೇಕೆಂದಿದ್ದ ಡೆನ್ನಿಸ್ ಟೀಟೊ, 2001ರ ಮಾರ್ಚಿನಲ್ಲಿ ಮೀರ್ ಸಮುದ್ರ ಸೇರಿದ್ದರಿಂದ, ಏಪ್ರಿಲಿನಲ್ಲಿ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಹಣ ತೆತ್ತು ಹೋಗಿಬಂದರು. 2025ರ ಬೇಸಿಗೆಯಲ್ಲಿ ನಮ್ಮ ಶುಭಾಂಶು ಶುಕ್ಲಾ ಅಲ್ಲಿಗೆ ಹೋದಾಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರ ಹೆಸರುಕಾಳು, ಮೆಂತ್ಯ ಜೊತೆಗೆ ಹೋಗಿ ಅಲ್ಲಿ ಮೊಳಕೆಯೊಡೆದವು. ಮೊಳಕೆ ಹೋದ ಕಡೆಗೆ ಮೊಸರನ್ನ ಹೋಗಲು ಎಷ್ಟು ಹೊತ್ತು?

ಆ ನಿಲ್ದಾಣದಲ್ಲಿಯೂ ಗಾಳಿ ಸೋರುವುದುಂಟು. ಸೋರುವ ಕಡೆಯನ್ನು ಹುಡುಕುವ ಬಗೆಯನ್ನು ಕೇಳಿದರೆ ಮಾನ್ವಿಯ ರೈತರು ನಕ್ಕಾರು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿರುವ ಅವರು, ನೀರು ಬಾರದಿದ್ದಾಗ ಗೇಜು ನೋಡುತ್ತ, ತೂಬಿನಿಂದ ತೂಬಿಗೆ ಮೇಲಕ್ಕೆ ನಡೆದುಹೋಗಿ, ನೀರು ಎಲ್ಲಿ ತಪ್ಪಿತೆಂದು ಹಿಡಿಯುತ್ತಾರೆ. ಯಾತ್ರಿಗಳೂ ಹಾಗೆಯೇ ಒಂದೊಂದು ಕೋಣೆಯ ಬಾಗಿಲನ್ನು ಮುಚ್ಚಿ, ಎಲ್ಲಿ ಒತ್ತಡ ಇಳಿಯುತ್ತದೆಂದು ನೋಡುತ್ತಾರೆ. 2020ರ ಅಕ್ಟೋಬರಿನಲ್ಲಿ ರಷ್ಯನ್ ಭಾಗದ ಕೋಣೆಯೊಂದರಲ್ಲಿ ಸೂಕ್ಷ್ಮವಾದ ಸೋರಿಕೆ ಸಿಕ್ಕದಿದ್ದಾಗ, ಅವರು ಚಹಾದ ಪೊಟ್ಟಣವನ್ನು ಹರಿದು ಸೊಪ್ಪನ್ನು ಗಾಳಿಯಲ್ಲಿ ಬಿಟ್ಟರು. ಸೊಪ್ಪು ಮೆಲ್ಲಗೆ ತೇಲಿ ಬಿರುಕಿನ ಕಡೆ ಹೋಯಿತು. ಇದಕ್ಕಿಂತ ಒಳ್ಳೆಯ ಸುಳಿವನ್ನು ಯಾವ ಕಾದಂಬರಿಕಾರ ಕಲ್ಪಿಸಿಯಾನು?

ಅದಕ್ಕೂ ಮೊದಲೇ, 2018ರ ಆಗಸ್ಟ್ 29ರ ರಾತ್ರಿ, ನಿಲ್ದಾಣದಲ್ಲಿ ಆರು ಜನ ಮಲಗಿದ್ದಾಗ ಗಾಳಿಯ ಒತ್ತಡ ಇಳಿಯತೊಡಗಿತು. ಬೆಳಿಗ್ಗೆ ಬಾಗಿಲು ಬಾಗಿಲು ಮುಚ್ಚಿ ನೋಡಿದಾಗ, ಅಲ್ಲಿಗೆ ಜೋಡಿಸಿದ್ದ ಸೊಯೂಜ್ ನೌಕೆಯ ಗೋಡೆಯಲ್ಲಿ ಸುಮಾರು 2 ಮಿಲಿಮೀಟರು ಅಗಲದ ರಂಧ್ರ ಸಿಕ್ಕಿತು. ಒಬ್ಬರು ಬೆರಳನ್ನೇ ಅಡ್ಡ ಹಿಡಿದರು. ಆಮೇಲೆ ಅಂಟು ಹಚ್ಚಿದ ಬಟ್ಟೆಯಿಂದ ಮುಚ್ಚಿದರು. ಉಲ್ಕೆಯ ಕಣ ಬಡಿದಿರಬೇಕೆಂದು ಮೊದಲು ಎಲ್ಲರೂ ಅಂದುಕೊಂಡರು. ಹತ್ತಿರದಿಂದ ನೋಡಿದರೆ ಅದು ಬೈರಿಗೆಯಿಂದ ಕೊರೆದ ರಂಧ್ರ. ಬೈರಿಗೆ ಜಾರಿ ಗೀಚಿದ ಗೆರೆಗಳೂ ಇದ್ದವು. ಕೊರೆದವರು ಕೆಳಗಿನ ಕಾರ್ಖಾನೆಯವರೋ, ಮೇಲಿನವರೋ? ಯಾರೋ ಕೈತಪ್ಪಿ ಕೊರೆದು, ಹೆದರಿ, ಮೇಲೆ ಅಂಟು ಮೆತ್ತಿ ಸುಮ್ಮನಾದರೋ? ಡಿಸೆಂಬರ್ 11ರಂದು ಇಬ್ಬರು ಯಾತ್ರಿಗಳು ಹೊರಗೆ ಹೋಗಿ, ಏಳು ಗಂಟೆಗೂ ಹೆಚ್ಚು ಹೊತ್ತು ಶ್ರಮಪಟ್ಟು, ಹೊದಿಕೆಯನ್ನು ಕತ್ತರಿಸಿ ರಂಧ್ರದ ಹೊರಬದಿಯ ಮಾದರಿಗಳನ್ನು ತೆಗೆದರು. ಕೊರೆದವರು ಇಂಥವರೆಂದು ಲೋಕಕ್ಕೆ ಎಲ್ಲರೂ ಒಪ್ಪುವಂತೆ ಇಂದಿಗೂ ತಿಳಿಸಲಾಗಿಲ್ಲ.

ಆ ರಂಧ್ರವನ್ನು ಇನ್ನು ಯಾರೂ ನೋಡುವಂತಿಲ್ಲ. ಸೊಯೂಜ್ ಇಳಿಯುವಾಗ ಅದರ ಮೂರು ಭಾಗಗಳಲ್ಲಿ ನಡುವಿನದೊಂದೇ ನೆಲ ಮುಟ್ಟುತ್ತದೆ. ಡಿಸೆಂಬರ್ 20ರಂದು ಮೂವರು ಯಾತ್ರಿಗಳು ಅದರಲ್ಲಿ ಕುಳಿತು ಕಜಕಸ್ತಾನದ ಹಿಮದ ಮೇಲೆ ಸುಖವಾಗಿ ಇಳಿದರು. ರಂಧ್ರವಿದ್ದ ಕೋಣೆ ದಾರಿಯಲ್ಲಿಯೇ ಕಳಚಿಕೊಂಡು ಗಾಳಿಯಲ್ಲಿ ಉರಿದುಹೋಯಿತು.