ಮನೆ ಹಿಂದಿನ ಧರೆಗೆ ಎಂಥ ಗಿಡ?



ಮಲೆನಾಡಿನಲ್ಲಿ, ಕೊಡಗಿನಲ್ಲಿ ಮನೆ ಕಟ್ಟಲು ಸಮತಟ್ಟು ಜಾಗ ಸಿಗುವುದು ಅಪರೂಪ. ಗುಡ್ಡದ ಮಗ್ಗುಲನ್ನು ಕಡಿದು ತಟ್ಟು ಮಾಡಿ, ಅದರ ಮೇಲೆ ಮನೆ, ಅಂಗಳ, ಕೊಟ್ಟಿಗೆ ಕಟ್ಟಿಕೊಳ್ಳುವುದು ವಾಡಿಕೆ. ಮನೆಯ ಹಿಂದೆ ಕಡಿದ ಮಣ್ಣಿನ ಗೋಡೆ ಹಾಗೇ ನಿಲ್ಲುತ್ತದೆ. ಇದನ್ನು ಕೆಲವೆಡೆ ಧರೆ ಎನ್ನುತ್ತಾರೆ, ಕೊಡಗಿನಲ್ಲಿ ಬರೆ ಎನ್ನುತ್ತಾರೆ. ಹಾರೆ ಗುದ್ದಲಿಯ ಕಾಲದಲ್ಲಿ ಆಳೆತ್ತರ ಕಡಿಯುವಷ್ಟರಲ್ಲಿ ಕೈ ಸೋಲುತ್ತಿತ್ತು. ಈಗ ಮಣ್ಣು ತೆಗೆಯುವ ಯಂತ್ರ ಬಂದು ನೋಡನೋಡುತ್ತಲೇ ಎರಡಾಳು ಎತ್ತರ ನೆಟ್ಟಗೆ ಕಡಿದುಕೊಡುತ್ತದೆ. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದು ಮನೆ, ರಸ್ತೆ, ಕಾಫಿ ತೋಟ ಎಲ್ಲವನ್ನೂ ಎಳೆದುಕೊಂಡು ಹೋದವು. ಅತಿಯಾದ ಮಳೆಯ ಜೊತೆಗೆ ಇಳಿಜಾರನ್ನು ಹೀಗೆ ಕಡಿದದ್ದೂ ಅದಕ್ಕೆ ಕಾರಣವೆಂದು ಭೂವಿಜ್ಞಾನಿಗಳು ತಿಳಿಸಿದರು.

ಧರೆಯ ಮೇಲೆ ಬೆಳೆಸುವ ಗಿಡಕ್ಕೆ ಮುಖ್ಯವಾಗಿ ಬೇಕಾದ ಗುಣ ಒಂದೇ. ಒಮ್ಮೆ ನೆಟ್ಟು ಬೇರು ಹಿಡಿದ ಮೇಲೆ ಅದರ ಬುಡ ಅಗೆಯಲು, ಕಳೆ ಕೀಳಲು, ಗೊಬ್ಬರ ಹಾಕಲು ಯಾರೂ ಮೇಲೆ ಹತ್ತುವಂತಿರಬಾರದು. ಹತ್ತಿದವರ ಕಾಲಿಗೆ ಸಿಕ್ಕಿ ಸಡಿಲವಾದ ಮಣ್ಣೇ ಮುಂದಿನ ಮಳೆಗೆ ಮೊದಲು ಕೊಚ್ಚಿಹೋಗುವುದು. ಅರಿಶಿನ, ಶುಂಠಿ, ಸುವರ್ಣಗೆಡ್ಡೆ ಇಂತಹ ಕಿತ್ತು ತೆಗೆಯುವ ಬೆಳೆಗಳಿಗೆ ಈ ಕಾರಣದಿಂದಲೇ ಧರೆ ಜಾಗವಲ್ಲ. ಬಾಳೆಯೂ ಬೇಡ. ಅದರ ಬೇರು ಮೇಲ್ಪದರದಲ್ಲೇ ಹರಡುತ್ತದೆ, ಗೊನೆ ಬಿಟ್ಟಾಗ ತನ್ನ ಭಾರವನ್ನೇ ತಾಳದೆ ಬುಡ ಸಮೇತ ಬೀಳುತ್ತದೆ.

ಈ ಕೆಲಸಕ್ಕೆ ಲಾವಂಚಕ್ಕಿಂತ ಉತ್ತಮವಾದ ಸಸ್ಯ ಸಿಗುವುದು ಕಷ್ಟ. ಇದರ ಬೇರು ಪಕ್ಕಕ್ಕೆ ಹರಡದೆ ನೆಟ್ಟಗೆ ಕೆಳಗಿಳಿಯುತ್ತದೆ; ಒಳ್ಳೆಯ ಮಣ್ಣಿನಲ್ಲಿ 2ರಿಂದ 3 ಮೀಟರ್ ಆಳ ಮುಟ್ಟುತ್ತದೆ. ಇದು ಹೊಸ ಮಾತೇನೂ ಅಲ್ಲ. ಗುಂಡ್ಲುಪೇಟೆ ಕಡೆಯ ರೈತರು ತಲೆಮಾರುಗಳಿಂದ ಹೊಲದ ಬದುಗಳ ಮೇಲೆ ಲಾವಂಚದ ಬೇಲಿ ಇಟ್ಟುಕೊಂಡು ಬಂದವರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಕೃಷಿ ತಜ್ಞರು ಮಣ್ಣು ಸಂರಕ್ಷಣೆಗೆ ಲಾವಂಚವನ್ನು ಪ್ರಚಾರ ಮಾಡಿದಾಗ ಗುಂಡ್ಲುಪೇಟೆಯ ಈ ಬೇಲಿಗಳನ್ನೂ ಉದಾಹರಿಸಿದ್ದರು.

ನೆಡುವುದಕ್ಕೆ ಮುಂಗಾರಿನ ಮೊದಲ ಹದ ಮಳೆಗಳೇ ಸರಿಯಾದ ಕಾಲ. ಹಳೆಯ ಬುಡವನ್ನು ಬಿಡಿಸಿ, ಎರಡು ಮೂರು ತೆಂಡೆಗಳಿರುವ ತುಂಡುಗಳನ್ನು ಮಾಡಿಕೊಂಡು, ಗರಿಯನ್ನು ಸುಮಾರು 20 ಸೆಂ.ಮೀ.ಗೆ ಕತ್ತರಿಸಬೇಕು. ಇಳಿಜಾರಿಗೆ ಅಡ್ಡಲಾಗಿ, ಸಮಮಟ್ಟದಲ್ಲಿ ಸಾಲು ಹಿಡಿದು, ತುಂಡಿನಿಂದ ತುಂಡಿಗೆ 10ರಿಂದ 15 ಸೆಂ.ಮೀ. ಅಂತರದಲ್ಲಿ ನೆಡಬೇಕು. ಸಾಲಿನಿಂದ ಸಾಲಿಗೆ ಎತ್ತರದಲ್ಲಿ ಒಂದು ಮೀಟರ್ ಇದ್ದರೆ ಸಾಕು. ಜಿಪುಣತನ ಮಾಡಿ ಅಡಿಗೊಂದು ನೆಟ್ಟರೆ ನೀರು ಸಂದಿಯಲ್ಲೇ ದಾರಿ ಮಾಡಿಕೊಂಡು ಕೊರೆಯುತ್ತದೆ. ಅಂಥ ಬೇಲಿಗಿಂತ ಬೇಲಿ ಇಲ್ಲದಿರುವುದೇ ಮೇಲು. ಮೊದಲ ವರ್ಷ ಸತ್ತ ತುಂಡುಗಳ ಜಾಗ ತುಂಬಿಸಬೇಕು. ಎರಡನೆಯ ಮಳೆಗಾಲದ ಹೊತ್ತಿಗೆ ಸಾಲು ಕೂಡಿಕೊಳ್ಳುತ್ತದೆ. ಆಮೇಲೆ ವರ್ಷಕ್ಕೆ ಒಂದೆರಡು ಸಲ ಮೊಣಕಾಲೆತ್ತರಕ್ಕೆ ಕತ್ತರಿಸುವುದೊಂದೇ ಕೆಲಸ. ಬೇರಿಗೆ ಸುಗಂಧದ ಬೆಲೆ ಇದೆಯೆಂದು ಧರೆಯ ಲಾವಂಚವನ್ನು ಕಿತ್ತು ಮಾರುವ ಆಸೆ ಮಾತ್ರ ಬೇಡ. ಮಾರುವುದಕ್ಕೆ ಬೇರೆ ಕಡೆ ಬೆಳೆಯಲಿ.

ಲಾವಂಚಕ್ಕೆ ಒಂದು ದೋಷವಿದೆ, ಅದು ನೆರಳಿಗೆ ಒಗ್ಗದು. ಹಲಸಿನ ಮರದ ಕೆಳಗೆ, ಅಡಿಕೆ ತೋಟದ ಮಗ್ಗುಲಲ್ಲಿ ಸಾಲು ತೆಳುವಾಗಿ ಸಾಯುತ್ತದೆ. ಅರೆನೆರಳಿನ ಕಡೆ ಆಡುಸೋಗೆ ಚೆನ್ನಾಗಿ ಬರುತ್ತದೆ. ಕಡ್ಡಿ ಊರಿದರೆ ಬೇರು ಬಿಡುತ್ತದೆ, ದನ ಆಡು ಮುಟ್ಟುವುದಿಲ್ಲ. ಕರಾವಳಿಯ ಜಂಬಿಟ್ಟಿಗೆ ನೆಲದಲ್ಲಿ ತಾನಾಗಿ ಬೆಳೆಯುವ ಕೇಪಳ, ಬಿಸಿಲಿನ ಕಡೆ ಲಕ್ಕಿ ಗಿಡ ಮತ್ತು ಮಜ್ಜಿಗೆ ಹುಲ್ಲು ಕೂಡ ಆದೀತು. ಗೊಬ್ಬರದ ಗಿಡದ ಗೂಟವನ್ನು ಧರೆಯ ಬುಡದಲ್ಲಿ ನೆಟ್ಟು, ಸವರುತ್ತಾ ಗಿಡ್ಡವಾಗಿಟ್ಟರೆ ತೋಟಕ್ಕೆ ಸೊಪ್ಪೂ ಸಿಗುತ್ತದೆ. ನರ್ಸರಿಗಳಲ್ಲಿ ಸಿಗುವ, ಹಳದಿ ಹೂ ಬಿಡುವ ವೆಡೇಲಿಯ ಬಳ್ಳಿ ಬೇಗ ನೆಲ ಮುಚ್ಚುತ್ತದೆ ನಿಜ. ಆದರೆ ಬೇರು ಮೇಲೆಮೇಲೆ, ಹಬ್ಬುವುದು ಮಾತ್ರ ಪಕ್ಕದ ತೋಟದವರೆಗೆ.

ಮಳೆಗಾಲ ಮುಗಿದ ಮೇಲೆ ಧರೆಯನ್ನು ಗುದ್ದಲಿಯಿಂದ ಕೆತ್ತಿ, ಗೋಡೆ ಸಾರಿಸಿದಂತೆ ಚೊಕ್ಕಟ ಮಾಡುವ ರೂಢಿ ಹಲವು ಮನೆಗಳಲ್ಲಿದೆ. ಹಾವು ಹುಳದ ಭಯ ಅರ್ಥವಾಗುವಂಥದ್ದು. ಆದರೆ ಹಾಗೆ ಕೆತ್ತಿ ಬಿಸಾಡುವ ಜರಿಗಿಡ, ಪಾಚಿ, ಗರಿಕೆಗಳೇ ಮಳೆಯ ಹೊಡೆತ ತಾಳಿಕೊಂಡಿದ್ದವು. ಕತ್ತಿಯಿಂದ ಮೇಲಷ್ಟೇ ಸವರಿದರೆ ಹಾವಿನ ಭಯವೂ ತಗ್ಗುತ್ತದೆ, ಬೇರೂ ಉಳಿಯುತ್ತದೆ. ಲಂಟಾನ, ಯುಪಟೋರಿಯಂ ಬೆಳೆದಿದ್ದರೂ ಒಂದೇ ಸಲಕ್ಕೆ ಬುಡ ಕೀಳದೆ, ಸಾಲು ಸಾಲಾಗಿ ಕಡಿಯುತ್ತಾ ಹೊಸ ಗಿಡ ಕೂರಿಸುತ್ತಾ ಹೋಗಬೇಕು.

ಧರೆಯ ನೆತ್ತಿಯ ವಿಷಯ ಬೇರೆ. ಅಲ್ಲಿ ಅಕೇಶಿಯದಂತಹ ಎತ್ತರದ ಮರವಾಗಲಿ, ದೊಡ್ಡ ಬಿದಿರಿನ ಮೆಳೆಯಾಗಲಿ ಇರಬಾರದು. ಗಾಳಿಗೆ ತೂಗಿ ಮಣ್ಣನ್ನು ಸಡಿಲಿಸುತ್ತವೆ. ಇದ್ದ ಮರವನ್ನು ಬೇರು ಸಮೇತ ಕೀಳದೆ, ಕೊಂಬೆ ಇಳಿಸಿ ಭಾರ ಕಡಿಮೆ ಮಾಡಿದರೆ ಸಾಕು. ನೀರಿಂಗಿಸಿ ಎಂಬ ಸಲಹೆ ಎಲ್ಲ ಕಡೆ ಕೇಳಿಬರುತ್ತದೆ, ಒಳ್ಳೆಯದೇ. ಆದರೆ ಮನೆಯ ಮೇಲಿನ ಧರೆಯ ನೆತ್ತಿಯಲ್ಲಿ ಇಂಗುಗುಂಡಿ ತೋಡುವುದು ಅಪಾಯವನ್ನು ಕರೆದಂತೆ. ಅಲ್ಲಿ ಬೇಕಾದದ್ದು ಅಂಚಿನಿಂದ ಹಿಂದೆ ಸರಿದು, ನೀರನ್ನು ಪಕ್ಕದ ಹಳ್ಳಕ್ಕೆ ಸಾಗಿಸುವ ಚರಂಡಿ.

ನೆಟ್ಟಗೆ ನಿಂತ ಧರೆಗೆ ಯಾವ ಗಿಡವೂ ಹಿಡಿಯದು. ಮೊದಲು ಮೇಲಂಚನ್ನು ಹಿಂದಕ್ಕೆ ಇಳಿಸಿ ಓರೆ ಮಾಡಿಕೊಳ್ಳಬೇಕು, ಇಲ್ಲವೇ ಮೆಟ್ಟಿಲು ಮಾಡಬೇಕು. ಅದಕ್ಕೆ ಬೇಸಿಗೆಯೇ ಕಾಲ. ಗಿಡದ ಬೇರು ಹಿಡಿದಿಡುವುದು ಮೇಲಿನ ಒಂದೆರಡು ಮೀಟರ್ ಮಣ್ಣನ್ನು ಮಾತ್ರ. ಒಳಗಿನಿಂದಲೇ ಗುಡ್ಡ ಜಾರಿದರೆ ಲಾವಂಚವೂ ಅದರೊಂದಿಗೇ ಬರುತ್ತದೆ. ನೆತ್ತಿಯಲ್ಲಿ ಬಿರುಕು ಕಂಡರೆ, ನೆಟ್ಟಗಿದ್ದ ಮರ ವಾಲಿದರೆ, ಧರೆಯ ಬುಡದಲ್ಲಿ ಹಿಂದಿಲ್ಲದ ಒರತೆ ಕೆಸರುನೀರು ಉಗುಳಿದರೆ, ಗಿಡದ ಮಾತು ಬಿಟ್ಟು ಮಕ್ಕಳು ಮುದುಕರನ್ನು, ಜಾನುವಾರುಗಳನ್ನು ಅಂದೇ ಬೇರೆಡೆ ಸಾಗಿಸಿ, ಗ್ರಾಮ ಪಂಚಾಯಿತಿಗೆ ತಿಳಿಸಬೇಕು. ಮಳೆ ನಿಂತಿತೆಂದು ಅದೇ ರಾತ್ರಿ ಮರಳಿ ಬರಬಾರದು. ಮಣ್ಣು ಕುಡಿದ ನೀರು ಇಳಿಯಲು ದಿನಗಳೇ ಬೇಕಾಗುತ್ತವೆ.