ಕೋಲಾರದ ಆಳದಲ್ಲಿ ಸಿಕ್ಕ ಕಣ



ನವಲಗುಂದದ ಎರೆಹೊಲದಲ್ಲಿ ನಿಂತು ಅಂಗೈ ಚಾಚಿ. ಅದರ ಒಂದೊಂದು ಚದರ ಸೆಂಟಿಮೀಟರಿನಲ್ಲೂ ಸೆಕೆಂಡಿಗೆ ಸುಮಾರು 6,000 ಕೋಟಿ ನ್ಯೂಟ್ರಿನೋಗಳು ಹಾದುಹೋಗುತ್ತವೆ. ಎಲ್ಲ ಸೂರ್ಯನಿಂದ ಬಂದವು. ಕೈಯನ್ನೂ ದಾಟುತ್ತವೆ, ಭೂಮಿಯನ್ನೂ ದಾಟುತ್ತವೆ. ಇಂಥ ಕಳ್ಳನನ್ನು ಹಿಡಿಯುವುದು ಹೇಗೆ?

ನಮ್ಮ ಕೋಲಾರದಲ್ಲಿ ಹಿಡಿದರು! ವಿಶ್ವಕಿರಣಗಳು ಗಾಳಿಗೆ ಡಿಕ್ಕಿ ಹೊಡೆದಾಗಲೂ ನ್ಯೂಟ್ರಿನೋ ಹುಟ್ಟುತ್ತದೆ. ಜೊತೆಗೆ ಹುಟ್ಟುವ ಬೇರೆ ಕಣಗಳನ್ನು ಬಂಡೆ ತಡೆಯುತ್ತದೆ, ಇದೊಂದು ನುಸುಳುತ್ತದೆ. ಅದಕ್ಕೇ ಚಾಂಪಿಯನ್ ರೀಫ್ ಗಣಿಯ 2.3 ಕಿಲೋಮೀಟರ್ ಆಳದಲ್ಲಿ ಉಪಕರಣ ಕೂಡಿಸಿದರು. ಅಡ್ಡಡ್ಡವಾಗಿ, ಅಷ್ಟು ದಪ್ಪ ಬಂಡೆ ದಾಟಿ ಕಣವೊಂದು ಬಂದರೆ ಅದು ನ್ಯೂಟ್ರಿನೋ ಹುಟ್ಟಿಸಿದ್ದೇ ಸರಿ.

1965ರಲ್ಲಿ ಸಿಕ್ಕಿತು. ಮುಂಬಯಿಯ ಟಾಟಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ಸೇರಿ ಮಾಡಿದ ಕೆಲಸ. ತಂಡದಲ್ಲಿ ನಮ್ಮ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಇದ್ದರು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲೂ ಅದೇ ವರ್ಷ ಸಿಕ್ಕಿತು, ಆದರೆ ಮೊದಲು ಅಚ್ಚಾದದ್ದು ಕೋಲಾರದ ವರದಿ. ಅಚ್ಚಿನ ಬೆಲೆ ಪ್ರೆಸ್ಸಿನವನಾದ ನನಗೆ ಗೊತ್ತು!

2001ರಲ್ಲಿ ಗಣಿ ಮುಚ್ಚಿತು. ಚಿನ್ನದ ಕಥೆ ಎಲ್ಲರ ಬಾಯಲ್ಲಿದೆ, ಈ ಕಥೆ ಇಲ್ಲ. ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಶಾಲೆಗಳಿಗೆ ಹೋಗಿ. ಮಕ್ಕಳಿಗೆ ಕನ್ನಡದಲ್ಲೇ ಹೇಳಿ. ನಾವು ಹೇಳದಿದ್ದರೆ ಇನ್ನಾರು ಹೇಳಬೇಕು?