ಹಡಗು ಹತ್ತುವ ಮಾಲು: ಸುಂಕ ಕಟ್ಟುವವರು ಯಾರು?

(ಮಾರ್ಟಳ್ಳಿಯಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯರಿಗೆ ನೀಡಿದ ಉಪನ್ಯಾಸ)



ಸಂತೆಯಲ್ಲಿ ಬುಟ್ಟಿ ಇಳಿಸಿದ ಕೂಡಲೇ ಸುಂಕದವನು ಬಂದು ನಿಲ್ಲುತ್ತಾನೆ. ಮಾಲು ಮಾರಾಟವಾಗುತ್ತೋ ಇಲ್ಲವೋ ಅದು ಅವನಿಗೆ ಬೇಕಿಲ್ಲ. ಚೀಟಿ ಹರಿದು ಕೊಟ್ಟು ದುಡ್ಡು ಕೇಳುತ್ತಾನೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಅನ್ನುವ ಗಾದೆ ಸುಮ್ಮನೆ ಹುಟ್ಟಲಿಲ್ಲ. ಪರದೇಶದ ಬಂದರಿನಲ್ಲೂ ಇದೇ ಕಥೆ. ಆದರೆ ಅಲ್ಲಿಯ ಸುಂಕ ಹತ್ತಿಪ್ಪತ್ತು ರೂಪಾಯಿಗೆ ಮುಗಿಯುವುದಿಲ್ಲ. ಅದನ್ನು ಯಾರು ಕಟ್ಟಬೇಕು ಅಂತ ಮೊದಲೇ ಮಾತಾಗದಿದ್ದರೆ ಸಂಘದ ವರ್ಷದ ಉಳಿತಾಯವೇ ಹೋದೀತು.

ಈಗ ಮೊಬೈಲಿನಲ್ಲೇ ಆರ್ಡರ್ ಬರುವ ಕಾಲ. ಟ್ರಿನಿಡಾಡಿನಿಂದ ಒಬ್ಬರು ಊದುಬತ್ತಿ ಬೇಕು ಅಂತ ಕೇಳಿದರು ಅಂದುಕೊಳ್ಳಿ. ಅದು ಕೆರಿಬಿಯನ್ ಸಮುದ್ರದ ದ್ವೀಪ. 1845ರ ಮೇ 30ರಂದು ಫತೇಲ್ ರಜಾಕ್ ಎಂಬ ಹಡಗಿನಲ್ಲಿ ನಮ್ಮ ದೇಶದ ಕೂಲಿ ಜನ ಕಬ್ಬಿನ ತೋಟದ ಕೆಲಸಕ್ಕೆ ಅಲ್ಲಿ ಇಳಿದರು. ಅವರ ವಂಶದವರು ಇವತ್ತಿಗೂ ಅಲ್ಲಿ ದೀಪಾವಳಿ ಆಚರಿಸುತ್ತಾರೆ. ಆದ್ದರಿಂದ ಗಿರಾಕಿ ಇದ್ದಾರೆ ಅನ್ನುವುದು ಸುಳ್ಳಲ್ಲ. ಲೆಕ್ಕ ಗೊತ್ತಿರಬೇಕು, ಅಷ್ಟೆ.

ನಮ್ಮ ಸರ್ಕಾರ ಊದುಬತ್ತಿ, ಸೀರೆಯಂಥ ಸರಕು ಹೊರಗೆ ಹೋಗುವಾಗ ರಫ್ತು ಸುಂಕ ಹಾಕುವುದಿಲ್ಲ. ಸುಂಕ ಬೀಳುವುದು ಮಾಲು ಇಳಿಯುವ ದೇಶದಲ್ಲಿ. ನಮ್ಮ ಬಿಲ್ಲು 20,000 ರೂಪಾಯಿ ಅಂತಿಟ್ಟುಕೊಳ್ಳಿ. ಸಾಗಣೆ, ವಿಮೆ ಸೇರಿ 5,000. ಅಲ್ಲಿಯ ಕಸ್ಟಮ್ಸ್‌ನವರು ಲೆಕ್ಕಕ್ಕೆ ಹಿಡಿಯುವುದು 20,000 ಅಲ್ಲ, 25,000. ಸಾಗಣೆ ಖರ್ಚಿನ ಮೇಲೂ ಸುಂಕ! ನಮ್ಮವರು ಎಡವುವುದು ಹೆಚ್ಚಾಗಿ ಇಲ್ಲೇ. ಶೇ. 20 ಸುಂಕ ಎಂದರೆ 5,000. ಮೊತ್ತ 30,000 ಆಯಿತು. ಅಲ್ಲಿಗೂ ಮುಗಿಯಲಿಲ್ಲ. ನಮ್ಮ ಜಿಎಸ್‌ಟಿ ಹಾಗೆ ಅಲ್ಲಿ ವ್ಯಾಟ್ ಇದೆ. 2016ರಲ್ಲಿ ಅದನ್ನು ಶೇ. 15ರಿಂದ 12.5ಕ್ಕೆ ಇಳಿಸಿದರು. ಸುಂಕ ಸೇರಿದ ಮೊತ್ತದ ಮೇಲೆ ಅದು ಬೀಳುತ್ತದೆ: 3,750. ಕೊನೆಗೆ ನಮ್ಮ 20,000ದ ಮಾಲು ಅವರ ಅಂಗಡಿ ಬಾಗಿಲಿಗೆ ಬರುವಾಗ 33,750. ಅವರು ಅದರ ಮೇಲೆ ಲಾಭ ಇಟ್ಟು ಮಾರಬೇಕು. "ಇನ್ನೂ ಸ್ವಲ್ಪ ಇಳಿಸಿ" ಅಂತ ಅವರು ಚೌಕಾಸಿ ಮಾಡುವುದು ಜಿಪುಣತನದಿಂದಲೇ ಅಂತ ತಿಳಿಯಬೇಡಿ.

ಅಲ್ಲಿಯ ದೇಶಗಳು 1973ರಲ್ಲೇ ಕ್ಯಾರಿಕಾಮ್ ಎಂಬ ಕೂಟ ಕಟ್ಟಿಕೊಂಡಿವೆ. ಕೂಟದೊಳಗೆ ತಯಾರಾದ ಮಾಲು ಬಹುಮಟ್ಟಿಗೆ ಸುಂಕವಿಲ್ಲದೆ ಓಡಾಡುತ್ತದೆ. ಹೊರಗಿನವರ ಮಾಲಿಗೆ ಹೆಚ್ಚುಕಡಿಮೆ ಒಂದೇ ದರಪಟ್ಟಿ. ನಾವು ಹೊರಗಿನವರು. ಯುಎಇ ಜೊತೆ ಹಾಗಲ್ಲ. 2022ರ ಮೇ 1ರಿಂದ ಒಪ್ಪಂದ ಜಾರಿಯಲ್ಲಿದೆ; 'ಇದು ಭಾರತದಲ್ಲೇ ತಯಾರಾದದ್ದು' ಎಂಬ ಮೂಲ ಪ್ರಮಾಣಪತ್ರ ಇದ್ದರೆ ನಮ್ಮ ಅನೇಕ ಸರಕಿಗೆ ಅಲ್ಲಿ ಆಮದು ಸುಂಕವೇ ಇಲ್ಲ. ನನ್ನನ್ನು ಕೇಳಿದರೆ ಮೊದಲ ಪೆಟ್ಟಿಗೆ ದುಬೈಗೆ ಹೋಗಲಿ, ಟ್ರಿನಿಡಾಡ್ ಆಮೇಲೆ.

ಅವರ ಮೇಲೆ ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ ಕಣ್ರಮ್ಮ, ನಾವೂ ಅದನ್ನೇ ಮಾಡುತ್ತೇವೆ. ಕೊಳ್ಳೇಗಾಲದ ಕಡೆ ರೇಷ್ಮೆ ಸಾಕಿದವರಿಗೆ ನೆನಪಿರಬಹುದು. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ 5ಕ್ಕೆ ಇಳಿಸಿದರು. ಚೀನಾ ರೇಷ್ಮೆ ಅಗ್ಗವಾಯಿತು, ಗೂಡಿನ ಬೆಲೆ ಕುಸಿಯಿತು, ರೈತರು ಬೀದಿಗಿಳಿದರು. 2013ರಲ್ಲಿ ಶೇ. 15ಕ್ಕೆ ಏರಿಸಬೇಕಾಯಿತು. ಊದುಬತ್ತಿಯ ವಿಷಯದಲ್ಲೂ ಅಷ್ಟೆ. ಹೊರಗಿನ ಬತ್ತಿ ಬಂದು ಮನೆಯಲ್ಲಿ ಕೂತು ಹೊಸೆಯುವ ಹೆಂಗಸರ ಕೂಲಿಗೆ ಕುತ್ತಾದಾಗ 2019ರ ಆಗಸ್ಟ್‌ನಲ್ಲಿ ಆಮದಿಗೆ ನಿರ್ಬಂಧ ಹಾಕಿದರು. 2020ರ ಜೂನ್‌ನಲ್ಲಿ ಬಿದಿರು ಕಡ್ಡಿಯ ಸುಂಕ ಶೇ. 10ರಿಂದ 25ಕ್ಕೆ ಹೋಯಿತು. ಹೊಸೆಯುವವರಿಗೆ ಆಸರೆ, ಕಡ್ಡಿ ಕೊಳ್ಳುವವರಿಗೆ ಹೊರೆ. ಒಂದೇ ಸುಂಕ, ಎರಡು ಮುಖ.

ಸುಂಕ ಎಷ್ಟು ಅನ್ನುವುದು ಮಾಲಿನ ನಂಬರಿನ ಮೇಲೆ ನಿಂತಿದೆ. ಇದಕ್ಕೆ ಎಚ್‌ಎಸ್ ಕೋಡ್ ಅನ್ನುತ್ತಾರೆ. ಮೊದಲ ಆರು ಅಂಕಿ ಎಲ್ಲಾ ದೇಶಕ್ಕೂ ಹೆಚ್ಚುಕಡಿಮೆ ಒಂದೇ, ಊದುಬತ್ತಿಗೆ 330741. ರೇಷ್ಮೆ ಬಟ್ಟೆಗೆ ಬೇರೆ, ಪಾಲಿಯೆಸ್ಟರ್‌ಗೆ ಬೇರೆ. ಬಿಲ್ಲಿನಲ್ಲಿ ಬರೀ "ಬಟ್ಟೆ" ಅಂತ ಬರೆದರೆ ಅಲ್ಲಿಯವರು ತಮಗೆ ತೋಚಿದ ನಂಬರು ಹಾಕುತ್ತಾರೆ. ಇನ್ನು ಕೆಲವರು "ಗಿಫ್ಟ್ ಅಂತ ಬರೆದುಬಿಡಿ, ಬೆಲೆ ಕಮ್ಮಿ ತೋರಿಸಿ" ಅಂತ ಉಪದೇಶ ಮಾಡುತ್ತಾರೆ. ಬೇಡವೇ ಬೇಡ. ಸಿಕ್ಕಿಬಿದ್ದರೆ ದಂಡ. ಮಾಲು ಕಳೆದುಹೋದರೂ ಬಿಲ್ಲಿನಲ್ಲಿ ತೋರಿಸಿದಷ್ಟೇ ಪರಿಹಾರ ಕೇಳಬಹುದು.

ಕಾಗದಪತ್ರಕ್ಕೆ ಹೆದರಬೇಡಿ. ಪಾನ್ ಕಾರ್ಡು, ಬ್ಯಾಂಕ್ ಖಾತೆ ಇದ್ದರೆ ಐಇಸಿ ಎಂಬ ರಫ್ತು ನಂಬರನ್ನು 500 ರೂಪಾಯಿ ಶುಲ್ಕ ಕಟ್ಟಿ ಆನ್‌ಲೈನ್‌ನಲ್ಲೇ ಪಡೆಯಬಹುದು. ಸಣ್ಣ ಪಾರ್ಸಲ್ಲಿಗೆ ಅಂಚೆ ಇಲಾಖೆಯವರು ಡಾಕ್ ನಿರ್ಯಾತ್ ಕೇಂದ್ರಗಳನ್ನು ತೆರೆದಿದ್ದಾರೆ. ಕಸ್ಟಮ್ಸ್ ಕಾಗದವನ್ನು ಅಲ್ಲಿಂದಲೇ ತುಂಬಿಸಬಹುದು.

ಈಗ ಮುಖ್ಯ ಮಾತು. ಬೆಲೆ ಹೇಳುವಾಗ ಎಲ್ಲಿಯವರೆಗಿನ ಬೆಲೆ ಅಂತಲೂ ಹೇಳಬೇಕು. ಎಫ್‌ಒಬಿ ಅಂದರೆ ನಮ್ಮ ಬಂದರಿನಲ್ಲಿ ಹಡಗು ಹತ್ತಿಸುವವರೆಗೆ ನಮ್ಮ ಖರ್ಚು, ಮುಂದಿನದು ಅವರದು. ಡಿಡಿಪಿ ಅಂದರೆ ಅವರ ಬಾಗಿಲು ಮುಟ್ಟುವವರೆಗೂ, ಅಲ್ಲಿಯ ಸುಂಕ, ವ್ಯಾಟ್ ಸಮೇತ, ಎಲ್ಲಾ ನಮ್ಮ ತಲೆಯ ಮೇಲೆ. ಇಂಗ್ಲಿಷಿನ ಆ ಮೂರು ಅಕ್ಷರ ಆರ್ಡರ್ ಕಾಗದದಲ್ಲಿ ಕಂಡರೆ ಪ್ರತಿನಿಧಿಗಳು ರುಜು ಹಾಕಬೇಡಿ. ಸಭೆಗೆ ತನ್ನಿ, ಓದಿಸಿ, ನಡಾವಳಿಯಲ್ಲಿ ಬರೆಸಿ. ಸುಂಕ ಕಟ್ಟುವವರಿಲ್ಲದೆ ಪೆಟ್ಟಿಗೆ ಬಂದರಿನಲ್ಲಿ ಕೂತರೆ ಬಾಡಿಗೆ ಏರುತ್ತಾ ಹೋಗುತ್ತದೆ, ವಾಪಸ್ ತರಿಸಲು ಮತ್ತೆ ಸಾಗಣೆ ಖರ್ಚು. ಎಷ್ಟೋ ಸಲ ಮಾಲಿನ ಬೆಲೆಗಿಂತ ಅದೇ ಜಾಸ್ತಿ. ಆದ್ದರಿಂದ ಗಿರಾಕಿ ತಮ್ಮೂರ ಕಸ್ಟಮ್ಸ್ ಏಜೆಂಟರಲ್ಲಿ ವಿಚಾರಿಸಿ, ಈ ನಂಬರಿನ ಮಾಲಿಗೆ ಇಷ್ಟು ಸುಂಕ, ಅದನ್ನು ನಾವೇ ಕಟ್ಟುತ್ತೇವೆ ಅಂತ ಬರೆದು ಕಳಿಸಲಿ. ಮುಂಗಡವೂ ಖಾತೆಗೆ ಬರಲಿ. ಆಮೇಲೆ ಕಡ್ಡಿ, ಪುಡಿ ಕೊಳ್ಳಲು ಒಳಸಾಲ ತೆಗೆಯಿರಿ.